ಪೆಟ್ರೋಲಿನ ಪಾಲು, ಎಲೆಯ ಕೊಸರು

ಎಲೆಬುಟ್ಟಿ ಹೊತ್ತು ನಾನು ಸವಣೂರಿನ ಬಸ್ ಹತ್ತುವಾಗ ನೀವು ನಗುತ್ತೀರಿ, ಮೊಮ್ಮಕ್ಕಳೇ. ನಾಲ್ಕು ಜನರ ನಡುವೆ ಬಾಯಿ ಬಿಡಲು ನಾಚುವ ನಿಮ್ಮ ಆಯಿ ಹೀಗೆ ಹೊರಟದ್ದು ಪೆಟ್ರೋಲಿನ ದೆಸೆಯಿಂದ.

ನಿಮ್ಮ ಅಜ್ಜ ಹೋದ ಮೇಲೆ ನಮ್ಮ ಎಲೆಬಳ್ಳಿಯ ತೋಟಕ್ಕೆ ಒಬ್ಬರೇ ಗಿರಾಕಿ, ನಾನು ಅಣ್ಣ ಎಂದು ಕರೆಯುವ ಸವಣೂರಿನ ಎಲೆ ವ್ಯಾಪಾರಿ. ದಿನ ಬಿಟ್ಟು ದಿನ ಮೊಪೆಡ್ಡಿನಲ್ಲಿ ನಮ್ಮೂರಿಗೆ ಬಂದು ಎಲೆ ಒಯ್ದು, ಶಿಗ್ಗಾಂವಿ, ತಡಸದ ಪಾನಂಗಡಿಗಳಿಗೆ ಕೊಡುತ್ತಿದ್ದರು. ನಾನು ತಲೆ ಎತ್ತಿ ದರ ಕೇಳದಿದ್ದರೂ ಒಮ್ಮೆಯೂ ಮೋಸ ಮಾಡಿದವರಲ್ಲ. ನಾನೂ ಪ್ರತಿ ಕಟ್ಟಿನ ಮೇಲೆ ಎಣಿಕೆಗೆ ಸೇರದ ಒಂದು ಹಿಡಿ ಎಲೆಯನ್ನು ಕೊಸರು ಎಂದು ಇಡುತ್ತಿದ್ದೆ. ನಮ್ಮ ತೋಟದವರಲ್ಲಿ ಕೊಸರಿಲ್ಲದ ಕಟ್ಟು ಕೊಟ್ಟರೆ, ಇನ್ನು ಬರಬೇಡ ಎಂದಂತೆ.

ಒಂದು ದಿನ ಅವರು ಬುಟ್ಟಿ ಕಟ್ಟುತ್ತ, "ಅಕ್ಕಾರ, ಇನ್ನ ವಾರಕ್ಕೊಮ್ಮೆ ಬರ್ತೇನ್ರಿ. ಪೆಟ್ರೋಲ್ ಮತ್ತ ಏರೇತಿ" ಎಂದರು.

ಬಲಿತ ಎಲೆ ವಾರದವರೆಗೆ ಕಾಯುವುದಿಲ್ಲ. ಹೊಸ ಗಿರಾಕಿ ಹುಡುಕುವ ಧೈರ್ಯ ನನಗಿಲ್ಲ. ಹೊರದೇಶದಲ್ಲಿ ಪೆಟ್ರೋಲಿನ ಕಚ್ಚಾ ಎಣ್ಣೆ ಅಗ್ಗವಾಗಿದೆ ಎಂದು ಹಿಂದಿನ ದಿನವಷ್ಟೇ ಟೀವಿಯಲ್ಲಿ ಕೇಳಿದ್ದೆ. ಬೇರೆ ತೋಟ ಸಿಕ್ಕಿರಬೇಕು, ಇದು ನೆಪ ಎಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ. ಕೊಸರು ಇಡದೆ ಕಟ್ಟು ಕೊಟ್ಟೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬುಟ್ಟಿಯ ಮೇಲಿಟ್ಟು ಹೊರಟರು. ಮುಂದಿನ ವಾರ ಬರಲೇ ಇಲ್ಲ.

ಬಳ್ಳಿಯಲ್ಲಿ ಎಲೆ ಹಳದಿಯಾಗತೊಡಗಿದಾಗ ತಡೆಯಲಾಗದೆ ಬುಟ್ಟಿ ತುಂಬಿಕೊಂಡು ಬಸ್ ಹತ್ತಿ ಅವರ ಮನೆಗೇ ಹೋದೆ. ಅವರ ಹೆಂಡತಿ ಕೂರಿಸಿ ಚಹಾ ಕೊಟ್ಟರು. ನೆಲ ನೋಡುತ್ತಲೇ ಕೇಳಿದೆ: "ಎಣ್ಣಿ ಅಗ್ಗ ಆಗೇತಂತಲ್ಲರಿ ಅಣ್ಣಾರ, ಪೆಟ್ರೋಲ್ ಹೆಂಗ ಏರ್ತೇತಿ?"

"ಇದನ್ನ ಅವತ್ತ ಕೇಳಬೇಕಿಲ್ಲೇನ್ರಿ? ಅದಕ್ಕ ಕೊಸರ ಯಾಕ ಕಸ್ಕೊಂಡ್ರಿ?" ಎಂದರು ಅಣ್ಣ.

ನನ್ನ ಬುಟ್ಟಿಯಿಂದಲೇ ಒಂದು ಕಟ್ಟು ಬಿಚ್ಚಿ ಚಾಪೆಯ ಮೇಲೆ ಎಲೆಗಳ ನಾಲ್ಕು ಗುಂಪು ಮಾಡಿದರು. "ಇವು ಪೆಟ್ರೋಲ್ ದರದ ಪಾಲು ಅನ್ರಿ. ಇದು ಹೊರಗಿನ ಎಣ್ಣಿ. ಡಾಲರ್ ಕೊಟ್ಟ ತರಬೇಕು, ನಮ್ಮ ರೂಪಾಯಿ ಬಿದ್ರ ಇದು ಏರ್ತೇತಿ. ಇದು ಎಣ್ಣಿ ಶುದ್ಧ ಮಾಡಿ ತರೂ ಖರ್ಚು, ಪಂಪಿನವರದು. ಇದು ಡೆಲ್ಲಿ ಸರಕಾರದ ತೆರಿಗಿ. ಇದು ಬೆಂಗಳೂರಿಂದು." ಕೊನೆಯ ಎರಡು ಗುಂಪು ಸಣ್ಣವಾಗಿರಲಿಲ್ಲ. "ಹೊರಗ ಅಗ್ಗ ಆದಾಗ ಇವ್ರು ತಮ್ಮ ಪಾಲು ಏರಿಸಿದ್ರ ಮುಗೀತು. ಅಗ್ಗ ಆಗಿದ್ದು ನನ್ನ ಗಾಡಿಗೆ ಗೊತ್ತ ಆಗೂದಿಲ್ಲ."

"ಇಲೆಕ್ಷನ್ ಬಂದ್ರ ಗೊತ್ತಾಗ್ತೇತಿ," ಎಂದರು ಒಳಗಿನಿಂದ ಅವರ ಹೆಂಡತಿ.

"ಇಷ್ಟ ತಗೊಂಡು ಏನ್ ಮಾಡ್ತಾರ್ರಿ?" ಎಂದೆ.

"ನೀವು ಇಲ್ಲಿಗೆ ಹೆಂಗ ಬಂದ್ರಿ?"

"ಬಸ್ಸಿಗೆ."

"ರೊಕ್ಕಾ ಕೊಟ್ರೇನು?"

ಹೆಂಗಸರಿಗೆ ಬಸ್ ಪುಕ್ಕಟೆ. ಇಲ್ಲವೆಂದು ತಲೆಯಾಡಿಸಿದೆ. ಅವರು ಬೆಂಗಳೂರಿನ ಗುಂಪಿನಿಂದ ಒಂದು ಹಿಡಿ ಎಲೆ ನನ್ನ ಕಡೆಗೆ ಸರಿಸಿದರು. "ನಾನು ಪೆಟ್ರೋಲ್ ಹಾಕಸ್ತೇನಿ, ನೀವು ಕಿಟಕಿ ಕಡೆ ಕುಂತ ಗಾಳಿ ತಗೋತೀರಿ. ನಿಮ್ಮ ಪಿಂಚಣಿನೂ ಇದರಾಗ ಐತ್ರಿ ಅಕ್ಕಾರ."

ಮೂವರೂ ನಕ್ಕೆವು. ಆ ನಗುವಿನಲ್ಲೇ ನನಗೆ ಧೈರ್ಯ ಬಂತು. "ಹಂಗಾದ್ರ ಎಲಿ ನಾನ ತಂದ ಕೊಡ್ತೇನ್ರಿ. ನೀವು ಬಸ್‌ಸ್ಟ್ಯಾಂಡಿಗೆ ಬಂದ್ರ ಸಾಕು."

ಎರಡು ದಿನ ಬಿಟ್ಟು ಬಸ್ಸಿಳಿದಾಗ ಅವರು ಮೊಪೆಡ್ ಹಿಡಿದು ನಿಂತಿದ್ದರು. ಕಟ್ಟು ಎತ್ತಿ ನೋಡಿ, "ಕೊಸರು ಬಾಳ ಆತಲ್ಲರಿ" ಎಂದರು.

"ಒಂದ ಹಿಡಿ ಇವತ್ತಿಂದು," ಎಂದು ಅವರ ಮುಖ ನೋಡಿಯೇ ಹೇಳಿದೆ, "ಒಂದ ಹಿಡಿ ಅವತ್ತಿಂದರಿ."