ಬಿಸಿಲಲ್ಲಿ ಹೀಟರ್ ಹಾಕಿದ ದಿನ

ನಮ್ಮ ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ನಮ್ಮ ಹಳೇ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿಯೂ ಇನ್ನೂ ರಸ್ತೆಯ ಮೇಲಿದ್ದರೆ ಅದು ಅತ್ತೆಯ ದೆಸೆಯಿಂದ. ಓಡಿಸುವವಳು ನಾನು. ನಮ್ಮ ಮನೆಯವರಿಗೆ ಬೈಕ್ ಒಂದಿದ್ದರೆ ಸಾಕು, ಲೋಕವೇ ಬೇಡ. ಇನ್ನು ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಈ ಕಾರೂ ನನ್ನ ಸೊಸೆನೂ ಒಂದೇ ಜಾತಿ, ಬೇಗ ಕಾಯ್ತಾವೆ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗಾಡುತ್ತಾರೆ. ನಾನೂ ಬೈದುಕೊಂಡೇ ನಗುತ್ತೇನೆ.

ಚಿತ್ರದುರ್ಗದಲ್ಲಿ ನಮ್ಮ ಬಡಾವಣೆಯ ಬೋರ್ ನೀರು ಬಲು ಗಡಸು. ಸ್ನಾನದ ಹಂಡೆಯ ಒಳಗೆ ಸುಣ್ಣದ ಹಕ್ಕಳೆ ಕಟ್ಟುತ್ತದೆ. ನಾನು ಅದೇ ನೀರನ್ನು ವರ್ಷಗಟ್ಟಲೆ ಕಾರಿಗೂ ಸುರಿಯುತ್ತಿದ್ದೆ. ಒಂದು ದಿನ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ, ಒಳಗಿನ ಕೊಳವೆಗಳಲ್ಲಿ ಕಟ್ಟಿದ್ದ ಬಿಳಿ ಗಟ್ಟಿಯನ್ನು ತೋರಿಸಿದ. ಪಕ್ಕದಲ್ಲಿದ್ದ ಅತ್ತೆ ಅದನ್ನು ಉಗುರಿನಲ್ಲಿ ಕೆರೆದು ನೋಡಿ, "ಅಯ್ಯೋ ಶಿವನೇ, ಹಂಡೆಗೆ ಹಾಕೋ ನೀರೇ ಇದಕ್ಕೂ ಕುಡಿಸಿದೇನೇ?" ಎಂದರು. ಅವತ್ತಿನಿಂದ ಕಾರಿನ ನೀರಿನ ಯಜಮಾನಿಕೆ ಅವರದಾಯಿತು.

ಬ್ಯಾಟರಿಗೆ ಹಾಕುವ ಶುದ್ಧ ನೀರು, ಅದಕ್ಕೆ ಬೆರೆಸಿದ, ಎಂಜಿನ್ ತಂಪಾಗಿಡುವ ಹಸಿರು ಕೂಲೆಂಟ್. ಇದು ತುಂಬಿದ ಕ್ಯಾನು ಸದಾ ಡಿಕ್ಕಿಯಲ್ಲಿರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿಸಿ, ರೇಡಿಯೇಟರಿನ ಮುಚ್ಚಳ ತೆಗೆದು ಇಣುಕುತ್ತಾರೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ರಬ್ಬರ್ ಪೈಪುಗಳನ್ನು ಒತ್ತಿ ನೋಡುತ್ತಾರೆ. ಗಟ್ಟಿಯಾಗಿದ್ದರೂ ಸೈ, ಮೆತ್ತಗಾಗಿದ್ದರೂ ಸೈ, ಅವತ್ತೇ ಬದಲಾಯಿಸಬೇಕು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಫೀಸಿಗೆ ಹೊತ್ತಾಗುತ್ತಿರುವಾಗ ಇವರದೊಂದು ಪೂಜೆ! ಆದರೆ ಎಷ್ಟು ಬೇಸಿಗೆ ಕಳೆದರೂ ಕಾರು ಒಮ್ಮೆಯೂ ದಾರಿಯಲ್ಲಿ ಕೈಕೊಡಲಿಲ್ಲ. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆಗೆ ಒಬ್ಬ ತಂಗಿ ಇದ್ದಾರೆ, ಹೊಸದುರ್ಗದಲ್ಲಿ. ನಾನು ಚಿಕ್ಕತ್ತೆ ಎನ್ನುತ್ತೇನೆ. ಅವರಿಗೆ ಒಂದು ಕಣ್ಣು ಸಣ್ಣಂದಿನಿಂದಲೂ ಕಾಣುವುದಿಲ್ಲ. ಉಳಿದ ಒಂದೇ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಯಾರೆಂಬುದು ದನಿಯಿಂದಲೇ ತಿಳಿಯಬೇಕು ಎನ್ನುವ ಹಾಗಾಗಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹೆಸರು ಬರೆಸಿದ್ದರೂ ಎರಡು ಸಲ ವಾಪಸು ಕಳಿಸಿದ್ದರು. ಆಪರೇಷನ್ ಎಂದರೆ ಸಾಕು, ಇವರ ಬಿ.ಪಿ. ಏರುತ್ತಿತ್ತು. ಮೂರನೆಯ ಸಲ ಹೇಗಾದರೂ ಮಾಡಿಸಲೇಬೇಕೆಂದು ನಾವಿಬ್ಬರೇ ಹಿಂದಿನ ಸಂಜೆ ಕಾರು ತೆಗೆದುಕೊಂಡು ಹೋಗಿ ಅಲ್ಲೇ ಉಳಿದೆವು. "ದಾರಿಯಲ್ಲಿ ಅವಳ ಹತ್ರ ಒಂದು ಮಾತೂ ಜೋರಾಗಿ ಆಡಬ್ಯಾಡ ನೋಡು" ಎಂದು ಅತ್ತೆ ನನಗೆ ತಾಕೀತು ಮಾಡಿದ್ದರು.

ಬೆಳಿಗ್ಗೆ ಅತ್ತೆ ಎಂದಿನಂತೆ ಮುಚ್ಚಳ ತೆಗೆದು ನೀರು ನೋಡಿ, ಮುಚ್ಚಳವನ್ನೂ ಬಾನೆಟ್ಟನ್ನೂ ತೆರೆದೇ ಬಿಟ್ಟು ಕಾಫಿ ಕುಡಿಯಲು ಒಳಗೆ ಬಂದರು. ಹೊರಡುವಾಗ ಚಿಕ್ಕತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಾರಿನ ಹತ್ತಿರವೇ ನಿಂತಿದ್ದರು. ಒಳ್ಳೇ ಕೆಲಸಕ್ಕೆ ಹೊರಟ ಗಾಡಿಗೆ ಅರಿಶಿನ ಹಚ್ಚದೆ ಬಿಡುವವರ ಪೈಕಿ ಅವರಲ್ಲ. "ಎಲ್ಲ ನಾನೇ ಮುಚ್ಚೀನಿ ಕಣೇ ಅಕ್ಕಾ, ಬರ್ರಿ ಹೋಗಾಣ" ಎಂದರು. ಒಮ್ಮೆ ನೋಡಿ ಆಗಿತ್ತಲ್ಲ, ಅತ್ತೆ ಮತ್ತೆ ಬಿಚ್ಚಿ ನೋಡಲಿಲ್ಲ.

ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಏರು ಹತ್ತುವಾಗ ಶಾಖ ತೋರಿಸುವ ಮುಳ್ಳು ನಡುವಿನ ಗೆರೆ ಬಿಟ್ಟು ಮೇಲಕ್ಕೆ ಸರಿಯತೊಡಗಿತು. ನನಗಿಂತ ಮೊದಲೇ ಅತ್ತೆ ನೋಡಿದ್ದರು. "ಎ.ಸಿ. ಆರಿಸು. ಆ ಮರದ ಕೆಳಗೆ ನಿಲ್ಸು" ಎಂದರು, ಸೊಪ್ಪಿನ ಸಾರಿಗೆ ಉಪ್ಪು ಹಾಕು ಎನ್ನುವಷ್ಟೇ ಸಮಾಧಾನದಲ್ಲಿ.

ಬಾನೆಟ್ ಎತ್ತಿದವಳೇ ಮುಚ್ಚಳಕ್ಕೆ ಕೈ ಹಾಕಿದೆ. ಅತ್ತೆ ಫಟ್ಟನೆ ಕೈ ಮೇಲೆ ಹೊಡೆದರು. "ಕುದಿಯೋ ನೀರು ಮುಖಕ್ಕೇ ಹಾರುತ್ತೆ ಕಣೇ. ಆರಲಿ." ಪಕ್ಕದಲ್ಲಿ, ಹೆಚ್ಚಾದ ನೀರು ಬಂದು ಸೇರುವ ಪ್ಲಾಸ್ಟಿಕ್ ಬಾಟಲಿಯಿತ್ತು. ಅದರಲ್ಲಿ ಹಸಿರು ನೀರೇ ಇಲ್ಲ. ಹಳದಿ ನೊರೆ! ಮೂಗಿಗೆ ಹಸಿ ಅರಿಶಿನದ ಘಾಟು. ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು. ಹಿಂದಿನ ಸೀಟಿನಲ್ಲಿ ಜಪ ಮಾಡುತ್ತ ಕೂತಿದ್ದ ಚಿಕ್ಕತ್ತೆಯ ಬಲಗೈ ಬೆರಳುಗಳು ಬುಡದವರೆಗೂ ಹಳದಿ.

ನನ್ನ ಸಿಟ್ಟು ನೆತ್ತಿಗೇರಿತು. "ಅಲ್ಲ, ಇವರಿಗೆ..." ಎಂದು ಬಾಯಿ ತೆರೆದೆನೋ ಇಲ್ಲವೋ, ಅತ್ತೆ ನನ್ನ ತೋಳಿನ ಒಳಗಡೆ ಚಿವುಟಿದರು. ಅಬ್ಬಾ, ಅದೆಂಥ ಚಿವುಟು! ಕಣ್ಣಲ್ಲಿ ನೀರು ಬಂತು.

"ಯಾಕೆ ಅಕ್ಕಾ ನಿಂತ್ವಿ? ಏನಾತು?" ಚಿಕ್ಕತ್ತೆಯ ದನಿ ಆಗಲೇ ನಡುಗುತ್ತಿತ್ತು.

"ಏನೂ ಇಲ್ಲ ಕಣೇ. ಹಳೇ ಗಾಡಿ, ಅದಕ್ಕೂ ನೀರಡಿಕೆ ಆಗೈತೆ. ನೀನು ಆರಾಮ ಕುಂತ್ಕ."

ಎಂಜಿನ್ ಆರುವವರೆಗೂ ಅತ್ತೆ ತಂಗಿಯ ಪಕ್ಕ ಕೂತು, ಇಬ್ಬರೂ ಸಣ್ಣವರಿದ್ದಾಗ ಕಳ್ಳೇಕಾಯಿ ಕದ್ದು ಸಿಕ್ಕಿಬಿದ್ದ ಕಥೆ ಹೇಳಿದರು. ಚಿಕ್ಕತ್ತೆ ನಗತೊಡಗಿದರು. ನಾನು ಮಾತ್ರ ಗಡಿಯಾರ ನೋಡುತ್ತ ಕುದಿಯುತ್ತಿದ್ದೆ. ಹನ್ನೊಂದರೊಳಗೆ ಹೋಗದಿದ್ದರೆ ಅವತ್ತೂ ಆಪರೇಷನ್ ಇಲ್ಲ. ಆರಿದ ಮೇಲೆ ಅತ್ತೆ ಹಳೇ ಟವಲು ಮಡಚಿ ಹಾಕಿ ಮುಚ್ಚಳ ತೆಗೆದರು. ಅಡಿಯ ತಿರುಪು ಸಡಿಲಿಸಿ, ಹಳದಿ ರಾಡಿಯನ್ನು ಡಿಕ್ಕಿಯಲ್ಲಿದ್ದ ಬಕೆಟ್ಟಿಗೆ ಬಿಟ್ಟು, ಕ್ಯಾನಿನ ನೀರು ತುಂಬಿದೆವು. ಕೊಳವೆಯೊಳಗೆ ಕೂತ ಅರಿಶಿನ ಅಷ್ಟಕ್ಕೆಲ್ಲ ಹೋಗುತ್ತದೆಯೇ? ಹೊರಟ ಸ್ವಲ್ಪ ಹೊತ್ತಿಗೇ ಮುಳ್ಳು ಮತ್ತೆ ಏರತೊಡಗಿತು.

"ಹೀಟರ್ ಹಾಕು" ಎಂದರು ಅತ್ತೆ.

"ಈ ಬಿಸಿಲಾಗೆ ಹೀಟರಾ? ತಲೆ ನೆಟ್ಟಗೈತೇನ್ರಿ ನಿಮಗೆ?"

"ಅದರ ಒಳಗಿನ ಬಿಸಿ ನಾವು ಹಂಚ್ಕಂಡ್ರೆ ಅದಕ್ಕೆ ತಡಕಳಕ್ಕಾಗುತ್ತೆ. ಹಾಕು."

ಹಾಕಿದೆ. ಕಿಟಕಿಗಳನ್ನೆಲ್ಲ ಇಳಿಸಿದರೂ ಒಲೆಯ ಬಾಯಿಗೆ ಮುಖ ಕೊಟ್ಟು ಕೂತಂತಿತ್ತು. ರವಿಕೆ ಬೆನ್ನಿಗೆ ಅಂಟಿತು. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ನಮಗೆ ಮಾತ್ರ ತಣ್ಣನೆಯ ಗಾಳಿ ಒಂದು ಚೂರೂ ಇಲ್ಲ. ಮುಳ್ಳು ಅಲ್ಲೇ ತಡೆದು, ನಿಧಾನಕ್ಕೆ ಒಂದು ಕೂದಲಷ್ಟು ಕೆಳಗಿಳಿಯಿತು. ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತ, ಅತ್ತೆಯ ಮುಖ ನೋಡಿದೆ. ಕೆಂಪಗೆ ಕಾದ ಮುಖ, ಆದರೂ ಕಳ್ಳೇಕಾಯಿಯ ಕಥೆ ನಿಂತಿರಲಿಲ್ಲ. ಇಂಥವರ ಸೊಸೆಯಾಗಲು ನಾನು ಪುಣ್ಯ ಮಾಡಿದ್ದೆ ಅನ್ನಿಸಿತು. ನನ್ನಂಥವಳ ಬಾಯಲ್ಲಿ ಇಂಥ ಮಾತು ಸುಮ್ಮನೆ ಬರುವುದಿಲ್ಲ.

ಹನ್ನೊಂದಕ್ಕೆ ಸ್ವಲ್ಪ ಮೊದಲು ತಲುಪಿದೆವು. ನರ್ಸು ಬಿ.ಪಿ. ನೋಡಿ, "ಸರಿ ಐತಮ್ಮ, ಒಳಗೆ ಬರ್ರಿ" ಎಂದರು. ಅತ್ತೆ ಬೆಂಚಿನ ಮೇಲೆ ಕುಸಿದು ಕೂತು ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದರು. ಮಧ್ಯಾಹ್ನ ನಾನು ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಒಳಗನ್ನೆಲ್ಲ ತೊಳೆದು ಹೊಸ ಕೂಲೆಂಟ್ ತುಂಬಿದ. ಬಾಟಲಿಗೆ ಹಿಡಿದ ಹಳದಿ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. ಚಿಕ್ಕತ್ತೆ ಕಾರಿನ ಹತ್ತಿರ ಬಂದಾಗ ಅತ್ತೆ ಬಾನೆಟ್ ಎತ್ತಿಸಿ ನಿಂತಿದ್ದರು. ಚಿಕ್ಕತ್ತೆ ಕನ್ನಡಕವನ್ನು ಚೂರು ಮೇಲೆತ್ತಿದರು. ಮೊದಲು ಬಾಟಲಿ ನೋಡಿದರು. ಆಮೇಲೆ ತಮ್ಮ ಉಗುರಿನಲ್ಲಿ ಇನ್ನೂ ಉಳಿದಿದ್ದ ಹಳದಿ ನೋಡಿದರು.

"ಅಕ್ಕಾ, ನೀವು ಬಂದ ಸಂಜೆ ಗಾಡಿ ಕೆಳಗೆ ನೀರು ಕಾಲಿಗೆ ತಾಗಿತ್ತು. ತೂತು ಬಿದ್ದೈತೆ ಅನ್ಕಂಡೆ. ತೂತು ಮುಚ್ಚಾಕೆ ಲಾರಿಯೋರು ಮೊಟ್ಟೆ ಒಡೆದು ಹಾಕ್ತಾರೆ, ಇಲ್ಲ ಅರಿಶಿನ ಹಾಕ್ತಾರೆ ಅಂತ ನಮ್ಮನೆಯೋರು ಇದ್ದಾಗ ಹೇಳ್ತಿದ್ರು. ಮೊಟ್ಟೆ ನಾವು ಮುಟ್ಟಂಗಿಲ್ಲ. ಅರಿಶಿನ ಹಾಕುವಾಗ ಕೈ ಬಿಗಿ ಹಿಡಿಬಾರದಲ್ಲ, ಅದಕ್ಕೆ ತಟ್ಟೇಲಿದ್ದಿದ್ದೆಲ್ಲ..."

"ಅದು ಎ.ಸಿ. ನೀರು ಕಣೇ, ಪೆದ್ದಿ."

"ಅಂದ್ರೆ ನೀವು ಆ ಉರಿಯಾಗೆ ಬೆಂದಿದ್ದು ನನ್ನಿಂದ..." ಚಿಕ್ಕತ್ತೆ ಸೆರಗನ್ನು ಕನ್ನಡಕದ ಹತ್ತಿರ ತಂದರು.

"ಅಳಬ್ಯಾಡ! ಕಣ್ಣಿಗೆ ನೀರು ತಾಗಂಗಿಲ್ಲ ಅಂತ ಡಾಕ್ಟ್ರು ಹೇಳಿಲ್ವಾ?" ಅತ್ತೆ ಗದರಿಸಿದರು. ಆಮೇಲೆ ತಂಗಿಯ ಭುಜ ಹಿಡಿದು ಹತ್ತಿರ ಎಳೆದುಕೊಂಡರು. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದು, ಒಳಕ್ಕೆ ಟಾರ್ಚ್ ಹಿಡಿದರು. "ಬಗ್ಗಬ್ಯಾಡ, ನಿಂತೇ ನೋಡು. ನನಗೂ ವಯಸ್ಸಾತು, ಸರಿಯಾಗಿ ಕಾಣಲ್ಲ. ನೀರು ಯಾವ ಬಣ್ಣ ಐತೆ ಹೇಳು."

ಅತ್ತೆಯ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕು.

ಚಿಕ್ಕತ್ತೆ ಬಹಳ ಹೊತ್ತು ನೋಡಿದರು.

"ಹಸಿರು" ಎಂದರು. "ಹಸಿರು ಐತೆ ಕಣೇ ಅಕ್ಕಾ."