ಕಾಲೇಜಿನ ಗೋಡೆಯ ಮೇಲೆ ಕೌದಿಗಳು

ದೊಡ್ಡವ್ವನ ಬಲಗೈ ಹೆಬ್ಬೆರಳು ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವಾಗ ಸೂಜಿ ದಬ್ಬಿ ದಬ್ಬಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಬೆಳಿಗ್ಗೆ ನಾನು ಏಳದಿದ್ದರೆ ಅದರಿಂದಲೇ ಹಣೆಗೆ ಕುಟ್ಟುತ್ತಿದ್ದಳು. ಅಬ್ಬಾ, ಆ ಉರಿ! ಆಕೆ ಅವ್ವನ ಅಕ್ಕ. ಅವ್ವ ತಂಬಾಕು ಕೂಡಿಡುವ ವಖಾರಿಗೆ ದುಡಿಯಲು ಹೋದರೆ ನನ್ನನ್ನು ನೋಡಿಕೊಂಡವಳು ಆಕೆಯೇ. ಯಾರು ಹೆದರಿ ಓಡಿಬಂದರೂ "ಏನಾತು, ಹುಲಿ ಬಂತೇನ?" ಎಂದು ನಗುತ್ತಿದ್ದಳು.

ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮೂರು ಎಂಬತ್ತರ ದಶಕದಲ್ಲಿ ಕಾಲೇಜಿನ ಊರಾಗಿ ಬೆಳೆಯಿತು. ದಿಬ್ಬದ ಮೇಲೆ ಕಾಲೇಜು, ಹಾಸ್ಟೆಲು, ಪ್ರೊಫೆಸರರ ಬಂಗಲೆಗಳು. ಕೆಳಗೆ ಹಳ್ಳ, ಹಳ್ಳದ ದಂಡೆಗೆ ನಮ್ಮ ದಲಿತ ಕೇರಿ. ಹಾಸ್ಟೆಲಿನ ಹೊಲಸು ಹರಿಯಲು ಅಷ್ಟು ದೊಡ್ಡ ಊರಿನಲ್ಲಿ ಬೇರೆ ದಾರಿಯೇ ಸಿಗಲಿಲ್ಲವಂತೆ! ಗಟಾರ ನಮ್ಮ ಹಳ್ಳಕ್ಕೇ ಬಂತು. ದಂಡೆಯ ಬಾವಿಯೂ ನಾರತೊಡಗಿತು, ಮಕ್ಕಳ ವಾಂತಿಭೇದಿ ನಿಲ್ಲಲೇ ಇಲ್ಲ. ಗಂಡಸರು ಕಾಲೇಜಿಗೆ ಹೋಗಿ ಕೇಳಿದರೆ "ನೋಡೋಣ" ಎಂದು ಕಳಿಸಿದರು.

ನಮ್ಮ ಕಡೆ ದಸರೆಗೆ ಘಟ ಕೂರಿಸುವ ಮುಂಚೆ ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಒಗೆಯಲೇಬೇಕು. ಆ ವರ್ಷ ಹೆಂಗಸರು ಮೂಗು ಮುಚ್ಚಿಕೊಂಡು ಹಳ್ಳದ ದಂಡೆಗೆ ನಿಂತುಬಿಟ್ಟರು. ದೊಡ್ಡವ್ವ ಕೌದಿಯ ಗಂಟನ್ನು ತಲೆಗೇರಿಸಿ ದಿಬ್ಬ ಹತ್ತಿದಳು. ಹಿಂದೆ ಇಡೀ ಕೇರಿಯ ಹೆಂಗಸರು! ಅದೇ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ನಾನು ಕಿಟಕಿಯಿಂದ ನೋಡಿದೆ. ಹೂದೋಟದ ನಲ್ಲಿ ತೆರೆದು ಕೌದಿ ತುಳಿದು ಒಗೆದೇಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕಾಂಪೌಂಡ್ ಗೋಡೆಯ ಉದ್ದಕ್ಕೂ ಕೆಂಪು, ಹಳದಿ, ಹಸಿರು ಕೌದಿಗಳು.

ಹೆಡ್‌ಕ್ಲಾರ್ಕ್ ಓಡಿಬಂದ. "ಏ, ನಿಮ್ಮ ಮೈಲಿಗಿ ಹಾಸಿಗಿ ಇಲ್ಲಿ ಒಣಾ ಹಾಕ್ತೀರೇನು?"

"ನಮ್ಮದು ತೊಳದದ್ದರ ಐತ್ರಿ," ಎಂದಳು ದೊಡ್ಡವ್ವ. "ನಿಮ್ಮ ಮೈಲಿಗಿ ಹಂಗ ನಮ್ಮ ಬಾವಿಗಿ ಬರಾಕತ್ತೈತಿ."

ಪ್ರಿನ್ಸಿಪಾಲರು ನನ್ನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು ದೊಡ್ಡವ್ವನಿಗೆ ಹೇಳಿದರು: "ನಿನ್ನ ಹುಡುಗಿ ಇಲ್ಲೇ ಕಲೀತಾಳಲ್ಲ ಬಾಯಿ? ಆಕಿ ಹೆಸರು ತಗಿಬೇಕಾಗ್ತದ. ವಿಚಾರ ಮಾಡು."

ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. "ಸಾಕು ದೊಡ್ಡವ್ವಾ, ಮನಿಗಿ ನಡಿ" ಎಂದು ಅಳತೊಡಗಿದೆ.

"ಯಾಕ, ಹುಲಿ ಬಂತೇನ?" ಎನ್ನುತ್ತ ಸೆರಗಿನಿಂದ ನನ್ನ ಕಣ್ಣೊರೆಸಿ ಅವರತ್ತ ತಿರುಗಿದಳು. "ಆಕಿ ಕಲೀಲಿ ಅಂತನ ಬಂದೀನ್ರಿ ಸಾಹೇಬ್ರ. ದಿನಾ ಜಡ್ಡ ಬಿದ್ರ ಕಲಿಯೂದು ಯಾವಾಗ? ಹೆಸರು ತಗೀತೀರಿ? ತಗೀರಿ. ಗಟಾರ ತಿರುವೂತನಕ ಈ ಕೌದಿ ಒಣಗೂದಿಲ್ಲ."

ನನ್ನ ಓದೆಂದರೆ ಆಕೆಗೆ ಪ್ರಾಣ. ಅದನ್ನೇ ಒತ್ತೆಯಿಟ್ಟು ಆಡಿದ ಮಾತದು!

ಕೌದಿ ಒಣಗಿದ ಹಾಗೆಲ್ಲ ಹೆಂಗಸರು ಮತ್ತೆ ನೆನೆಸಿ ಹಾಕಿದರು. ಹಾಸ್ಟೆಲಿನ ಹುಡುಗಿಯರೇ ಬಕೆಟ್ಟು ತಂದುಕೊಟ್ಟರು. ಮಕ್ಕಳನ್ನು ನೋಡಲು ಬಂದ ಪರವೂರಿನ ತಂದೆತಾಯಿಗಳು ಗೇಟಿನಲ್ಲೇ ನಿಂತು "ಏನಿದು?" ಎಂದು ಕೇಳತೊಡಗಿದರು. ಕಾಲೇಜಿನವರಿಗೆ ಮುಖ ತೋರಿಸುವುದು ಕಷ್ಟವಾಯಿತು. ದೀಪಾವಳಿಗೆ ಮುಂಚೆಯೇ ಗಟಾರಕ್ಕೆ ಬೇರೆ ದಾರಿ ಸಿಕ್ಕಿತು. ನನ್ನ ಹೆಸರನ್ನು ಯಾರೂ ಮುಟ್ಟಲಿಲ್ಲ.

ತೊಂಬತ್ತರ ದಶಕದ ಕೊನೆಗೆ ದೊಡ್ಡವ್ವ ತೀರಿಕೊಂಡಳು. ನಾನಾಗ ರಾಯಬಾಗದಲ್ಲಿ ಟೀಚರಾಗಿದ್ದೆ. ಓಡಿಬಂದು, ಆಕೆಯ ಕೊನೆಯ ಸ್ನಾನಕ್ಕೆ ಕೇರಿಯ ಬಾವಿಯಿಂದಲೇ ನೀರು ಸೇದಿದೆ. ಕೊಡದ ತಳ ಕಾಣುವಷ್ಟು ತಿಳಿಯಾಗಿತ್ತು. ಮೊದಲು ಒಂದು ಬೊಗಸೆ ನಾನು ಕುಡಿದೆ, ಆಮೇಲೆ ಆಕೆಯ ತಲೆಗೆ ಹಾಕಿದೆ.