ಗಾಜಿನ ತೊಟ್ಟಿಯಲ್ಲಿ ನುಡಿದ ಹಲ್ಲಿ

ಬೆಂಗೇರಿಯ ನಾಗರತ್ನಾಗೆ ಬಾರದ ಕೆಲಸ ಅಂತ ಒಂದಿಲ್ಲ. ಇದ್ದರೂ ಆಕೆ ಒಪ್ಪುವವಳಲ್ಲ. ಮಿಕ್ಸರ್ ಕೆಟ್ಟರೆ ತಾನೇ ಬಿಚ್ಚುತ್ತಾಳೆ, ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿಯುತ್ತಾಳೆ. ಉಪ್ಪಿನಬೆಟಗೇರಿಯ ರೈತರ ಮನೆಯಲ್ಲಿ ಹುಟ್ಟಿದ ಈಕೆ ಸಮುದ್ರ ಕಂಡದ್ದು ಒಂದೇ ಸಲ, ಕಾರವಾರದಲ್ಲಿ. ಕಂಡದ್ದೇ ತಡ, ಹುಚ್ಚು ಹಿಡಿಯಿತು! ಹೊಲಿಗೆಯ ದುಡ್ಡಿನಲ್ಲಿ ಪಡಸಾಲೆಗೆ ಗಾಜಿನ ತೊಟ್ಟಿ ತರಿಸಿದಳು, ಉಪ್ಪುನೀರು ಕಲಸಿದಳು, ಸಮುದ್ರದ ಮೀನು ಬಿಟ್ಟಳು. ಅತ್ತೆ ಶಿವಲಿಂಗವ್ವ ಮೊದಮೊದಲು ಮೂಗು ಮುರಿದರು. ಆಮೇಲೆ ಅದರೆದುರೇ ಕೂತು ಕಾಳು ಆರಿಸತೊಡಗಿದರು.

ಕೆಲಗೇರಿಯ ಗೆಳತಿ ಫಿರದೋಸ ತನ್ನ ಮನೆಯ ಮೀನಿನ ತೊಟ್ಟಿ ತೆಗೆಯುವಾಗ ಸಮುದ್ರದ ತೂತುಗಲ್ಲೊಂದನ್ನು ಕೊಟ್ಟಳು. ಆ ಕಲ್ಲು ಇಟ್ಟದ್ದೇ ಇಟ್ಟದ್ದು, ಮೀನುಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಉಳಿದದ್ದು ಬಿಳಿಪಟ್ಟೆಯ ಕೇಸರಿ ಮೀನಿನ ಜೋಡಿ ಮಾತ್ರ.

“ಹಿಂಗ ದಿನಾ ಜೀವ ಹೋಗೂದು ಮನಿಗೆ ಛಲೋ ಅಲ್ಲವ್ವಾ. ಈ ತೊಟ್ಟಿ ಮನ್ಯಾಗ ಬ್ಯಾಡ,” ಎಂದರು ಶಿವಲಿಂಗವ್ವ.

ಟಕ್!

ಹಲ್ಲಿ ನುಡಿಯಿತು! ಅತ್ತೆ “ಶಿವ ಶಿವ” ಎಂದು ಬೆರಳಿನಿಂದ ನೆಲ ಕುಟ್ಟಿದರು. ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ಖರೆ ಎಂದೇ ಆ ಮನೆಯ ಲೆಕ್ಕ. ನಾಗರತ್ನಾಳ ಗಂಡ ಶಿವಯೋಗೀಶ ಹತ್ತಿ ವ್ಯಾಪಾರಸ್ಥ. ಮಾರ್ಕೆಟ್ಟಿನಲ್ಲಿ ಹುಲಿ, ತಾಯಿಯ ಮಾತಿಗೆ ಮಾತ್ರ ಹೂಂ ಎಂದುಬಿಟ್ಟ. ಸೋಮವಾರ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುವುದು ಅಂತಾಯಿತು.

ಮರುದಿನ ನಾಗರತ್ನಾ ತೊಟ್ಟಿಯ ಗಾಜು ಒರೆಸುತ್ತಿದ್ದಳು. ಟಕ್! ಈ ಸಲ ಆ ಪೆಟ್ಟು ಅಂಗೈಗೂ ತಾಗಿತು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಹಲ್ಲಿಯ ಸುಳಿವೇ ಇಲ್ಲ.

“ಭಲೇ! ಕಳ್ಳ ಒಳಗ ಅದಾನ!” ಎಂದವಳೇ ಫಿರದೋಸಳಿಗೆ ಫೋನ್ ಹಚ್ಚಿದಳು.

“ಅಯ್ಯ, ಆ ಕಲ್ಲಿನ್ಯಾಗ ಸಿಗಡಿ ಜಾತೀದೊಂದು ಹೊಕ್ಕೊಂಡು ಬಂದಿರಬೇಕು ನೋಡು,” ಎಂದಳು ಫಿರದೋಸ. “ಟಕ್ ಟಕ್ ಅಂತ ಗುದ್ದಿ ಮೀನ ಕೊಲ್ಲತೈತಿ. ಕಲ್ಲು ಹೊರಗ ತಗದು ತೂತಿಗೆ ಸೋಡಾ ಬಿಡು, ತಾನ ಓಡಿ ಬರತೈತಿ. ಕೈ ಮಾತ್ರ ಹಾಕಬ್ಯಾಡ, ಬೆರಳು ಒಡೀತೈತಿ.”

ಅಂಗಡಿಯಿಂದ ಗೋಲಿ ಸೋಡಾ ಬಂತು. ನಾಗರತ್ನಾ ಅತ್ತೆಯನ್ನು ಎದುರಿಗೇ ಕೂರಿಸಿಕೊಂಡು, ಉಪ್ಪುನೀರಿನ ಬಕೆಟ್ಟಿನ ಮೇಲೆ ಕಲ್ಲು ಹಿಡಿದು, ಸಿರಿಂಜಿನಿಂದ ತೂತುಗಳಿಗೆ ಸೋಡಾ ಬಿಡತೊಡಗಿದಳು. ಏನೂ ಬರಲಿಲ್ಲ.

“ನನಗರ ಕೊಟ್ಟಿದ್ರ ಕುಡೀತಿದ್ದೆ,” ಎಂದರು ಅತ್ತೆ.

“ತಡೀರಿ ಅತ್ತ್ಯಾರ!” ಎಂದು ಆಕೆ ಇನ್ನೊಂದು ತೂತಿಗೆ ಬಿಟ್ಟಳು. ಬೆರಳುದ್ದದ ಹಸಿರು ಪ್ರಾಣಿಯೊಂದು ಜಿಗಿದು ಬಕೆಟ್ಟಿಗೆ ಬಿತ್ತು.

“ಕೊಲ್ಲಬ್ಯಾಡ! ಈ ಮನ್ಯಾಗ ಆ ಪಾಪ ಬ್ಯಾಡ!” ಅತ್ತೆ ಚೀರಿದರು.

“ಯಾರು ಕೊಲ್ತಾರ್ರಿ? ಇಂವಗೂ ಒಂದು ಬ್ಯಾರೆ ಮನಿ ಮಾಡಿ ಕೊಡ್ತೇನಿ.” ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪುನೀರು ತುಂಬಿ ಆಕೆ ಅದನ್ನು ಬಿಟ್ಟಳು.

ಶಿವಲಿಂಗವ್ವ ಡಬ್ಬಿಯನ್ನು ನೋಡಿದರು, ಖಾಲಿ ಗೋಡೆಯನ್ನೂ ನೋಡಿದರು. “ಅಂದ್ರ ನಿನ್ನಿ ನುಡದದ್ದು ಹಲ್ಲಿ ಅಲ್ಲೇನು?”

“ಅಲ್ರಿ. ಮೀನ ನುಂಗಿದಾಂವ ತಾನ ಸಾಕ್ಷಿ ಹೇಳ್ಯಾನ.”

ಅತ್ತೆ ನಕ್ಕೇಬಿಟ್ಟರು. ಉಳಿದ ಮೀನಿನ ಜೋಡಿಯ ಕಡೆ ತಿರುಗಿ, “ಹಂಗಾರ ಇವು ಎಲ್ಲೂ ಹೋಗೂದಿಲ್ಲ. ತೊಟ್ಟಿ ಇಲ್ಲೇ ಇರಲಿ,” ಎಂದರು.

ಡಬ್ಬಿಯೊಳಗಿಂದ ಟಕ್ ಎಂದಿತು.

“ಶಿವ ಶಿವ,” ಎಂದರು ಶಿವಲಿಂಗವ್ವ. ಅವರ ಬೆರಳು ಆಗಲೇ ನೆಲ ಕುಟ್ಟುತ್ತಿತ್ತು.